ಬಾಗಿಲು, ಬಾಡಿಗೆ ಮತ್ತು ಸೋರುವ ಬಾತ್‌ರೂಮ್

(ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘದ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ಸಲ ಕೈ ಎತ್ತಿಬಿಡಿ. ಇಲ್ಲಿ ಬಾಡಿಗೆಗೆ ಇರುವವರು ಎಷ್ಟು ಜನ? ಸರಿ. ಮನೆ ಬಾಡಿಗೆಗೆ ಕೊಟ್ಟಿರುವ ಓನರ್‌ಗಳು? ಎರಡು ಸಲವೂ ಕೈ ಎತ್ತಿದವರು ನಾಲ್ಕು ಜನ ಕಾಣುತ್ತಿದ್ದೀರಿ. ನಾನೂ ನಿಮ್ಮ ಗುಂಪಿನವನೇ. ವಿಜಯನಗರದಲ್ಲಿ ನನ್ನದೊಂದು ಚಿಕ್ಕ ಫ್ಲ್ಯಾಟ್ ಇದೆ, ಅದನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಮಗಳ ಸ್ಕೂಲು ಹತ್ತಿರ ಆಗಲಿ ಅಂತ ನಾನು ಜೆ.ಪಿ. ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಪ್ರತಿ ತಿಂಗಳು 5ನೇ ತಾರೀಖು ಒಂದು ಕಡೆ ಬಾಡಿಗೆ ಇಸಿದುಕೊಂಡು ಇನ್ನೊಂದು ಕಡೆ ಕೊಡುವವನು. ವಕೀಲಿಕೆಯಲ್ಲೂ ಇದೇ ತಕರಾರುಗಳು ಜಾಸ್ತಿ. ಆದ್ದರಿಂದ ಇವತ್ತು ಯಾರ ಪರ ಮಾತಾಡುತ್ತೀರಿ ಅಂತ ಕೇಳಬೇಡಿ, ನನಗೇ ಗೊತ್ತಿಲ್ಲ.

ಒಂದು ಜಗಳದ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಓನರ್ ಮೈಸೂರಿನಲ್ಲಿರುವ ರಿಟೈರ್ಡ್ ಟೀಚರ್. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಎರಡು ಬೆಡ್‌ರೂಮ್ ಫ್ಲ್ಯಾಟು, ಬಾಡಿಗೆ 28,000. ಅಡ್ವಾನ್ಸ್ ನಮ್ಮೂರಿನ ರೂಢಿಯಂತೆ 10 ತಿಂಗಳದ್ದು, ಅಂದರೆ 2 ಲಕ್ಷದ 80 ಸಾವಿರ. ಬಾಡಿಗೆಗೆ ಇದ್ದವರು ಗಂಡ ಹೆಂಡತಿ, ಇಬ್ಬರೂ ಕೆಲಸಕ್ಕೆ ಹೋಗುವವರು, ಒಂದು ಎಳೆ ಮಗು. ಜೂನ್ ಮಧ್ಯದಲ್ಲಿ ಬೆಡ್‌ರೂಮಿಗೆ ಅಂಟಿಕೊಂಡ ಬಾತ್‌ರೂಮಿನ ಚಾವಣಿಯಿಂದ ತೊಟ್ಟಿಕ್ಕಲು ಶುರುವಾಯಿತು. ಆಮೇಲೆ ಬೆಡ್‌ರೂಮಿನ ಗೋಡೆಗೂ ತೇವ ಇಳಿಯಿತು, ಬಣ್ಣ ಉಬ್ಬಿ ಬಂತು, ಬೂಷ್ಟಿನ ವಾಸನೆ. ಅವರು ಫೋಟೋ ತೆಗೆದು ವಾಟ್ಸಾಪ್ ಮಾಡಿದರು. ಟೀಚರ್ ತಕ್ಷಣ ಉತ್ತರ ಕೊಟ್ಟರು, "ಪ್ಲಂಬರ್ ಕಳಿಸ್ತೀನಮ್ಮ" ಅಂತ.

ಪ್ಲಂಬರ್ ಬಂದ. ಮಂಗಳವಾರ ಬೆಳಿಗ್ಗೆ 11 ಗಂಟೆಗೆ. ಇಬ್ಬರೂ ಆಫೀಸಿನಲ್ಲಿ, ಮಗು ಅಜ್ಜಿ ಮನೆಯಲ್ಲಿ. ಬಾಗಿಲಿಗೆ ಬೀಗ. ಇನ್ನೊಂದು ಸಲ ಶನಿವಾರ ಮಧ್ಯಾಹ್ನ ಬಂದ, ಈ ಸಲವೂ ಹೇಳದೆ ಕೇಳದೆ. ಮಗು ಆಗಷ್ಟೇ ಮಲಗಿತ್ತು. ಆಕೆ, "ಸಂಜೆ ಬನ್ನಿ ಅಣ್ಣ" ಅಂದರು. ಬೆಂಗಳೂರಿನ ಪ್ಲಂಬರ್ ಸಂಜೆ ಬನ್ನಿ ಅಂದರೆ ಬರುತ್ತಾನಾ? ನೀವು ನಗುತ್ತಿದ್ದೀರಿ, ಅಂದರೆ ಗೊತ್ತಿದೆ. ಅವನು ಮತ್ತೆ ಬರಲಿಲ್ಲ. ಆದರೆ ಮೈಸೂರಿಗೆ ಫೋನ್ ಮಾಡಿ "ಎರಡು ಸಲ ಹೋದೆ ಮೇಡಂ, ಅವರು ಬಾಗಿಲೇ ತೆಗೀಲಿಲ್ಲ" ಅಂತ ಹೇಳಿದ. ಸುಳ್ಳೂ ಅಲ್ಲ ನೋಡಿ.

ಇಲ್ಲಿಂದ ಎರಡು ಕಥೆಗಳು ಹುಟ್ಟಿದವು. ಮೈಸೂರಿನಲ್ಲಿ "ರಿಪೇರಿಗೆ ಬಿಡದವರು" ಅನ್ನುವ ಕಥೆ. ಬೆಂಗಳೂರಿನಲ್ಲಿ "ರಿಪೇರಿ ಮಾಡಿಸದ ಓನರ್" ಅನ್ನುವ ಕಥೆ. ಆಗಸ್ಟ್‌ನಲ್ಲಿ ಗಂಡ ಸಿಟ್ಟಿನಿಂದ, ಯಾರಿಗೂ ಒಂದು ಮಾತು ಹೇಳದೆ, 28,000 ಬದಲು 20,000 ಹಾಕಿದರು. ಸೆಪ್ಟೆಂಬರ್‌ನಲ್ಲೂ ಅಷ್ಟೇ. ಟೀಚರಿಗೆ ಅವಮಾನ ಆಯಿತು. ಗಮನಿಸಿ, 8,000 ಹೋಯಿತು ಅನ್ನುವುದಕ್ಕಿಂತ ಕೇಳದೇ ಹಿಡಿದರಲ್ಲ ಅನ್ನುವುದೇ ಅವರಿಗೆ ಜಾಸ್ತಿ ನೋವಾಗಿದ್ದು. ಆಮೇಲೆ ಗೌರಿ ಗಣೇಶ ಹಬ್ಬಕ್ಕೆ ಇವರು ಊರಿಗೆ ಹೋಗಿದ್ದಾಗ ಟೀಚರ ಮಗ ತನ್ನ ಹತ್ತಿರ ಇದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು, ಮೇಸ್ತ್ರಿಯನ್ನು ಕರೆದುಕೊಂಡು ಒಳಗೆ ಹೋದ. ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಸೋರುವುದು ಎಲ್ಲಿಂದ ಅಂತ ನೋಡಬೇಕಿತ್ತು ಅಷ್ಟೇ. ವಾಪಸ್ ಬಂದವರಿಗೆ ಕಂಡಿದ್ದು ಬೆಡ್‌ರೂಮಿನ ತುಂಬ ಸಿಮೆಂಟಿನ ಹೆಜ್ಜೆ ಗುರುತು. ಬೀರು ಇದ್ದ ರೂಮು ಅದು. ಸೀದಾ ಸ್ಟೇಷನ್ನಿಗೆ ಹೋದರು. ಅಲ್ಲಿ ಹೇಳುವುದನ್ನೇ ಹೇಳಿದರು: "ಇದು ಸಿವಿಲ್ ಮ್ಯಾಟರ್ರು, ಕೂತ್ಕೊಂಡು ಮಾತಾಡ್ಕೊಳ್ಳಿ."

ಕಥೆ ಇಲ್ಲಿಗೆ ನಿಲ್ಲಿಸುತ್ತೇನೆ, ಆಮೇಲೆ ವಾಪಸ್ ಬರೋಣ. ನನ್ನ ಅನುಭವದಲ್ಲಿ ಇಂಥ ಹತ್ತು ಜಗಳದಲ್ಲಿ ಏಳೆಂಟು ಹೀಗೇ ಇರುತ್ತವೆ. ರಿಪೇರಿಗೆ ಯಾರು ದುಡ್ಡು ಕೊಡಬೇಕು ಅನ್ನುವುದರ ಮೇಲೆ ಜಗಳ ಕಡಿಮೆ. ಬಾಗಿಲು ಯಾವಾಗ ತೆಗೆಯಬೇಕು ಅನ್ನುವುದರ ಮೇಲೆ ಜಾಸ್ತಿ. ಬಾಡಿಗೆ ಇಳಿಸುವ ಪ್ರಶ್ನೆ ಇದೆಯಲ್ಲ, ಅದರ ಉತ್ತರವೂ ಬಾಗಿಲಿನಲ್ಲೇ ಇದೆ. ಕೆಲಸದವರನ್ನು ಒಳಗೆ ಬಿಡದವರಿಗೆ ಬಾಡಿಗೆ ಕಡಿಮೆ ಮಾಡಿ ಅಂತ ಕೇಳುವ ಬಾಯಿ ಇರುವುದಿಲ್ಲ. ಕೇಳದೇ ಒಳಗೆ ನುಗ್ಗುವವರಿಗೆ ಪೂರ್ತಿ ಬಾಡಿಗೆ ಕೊಡಿ ಅಂತ ಕೇಳುವ ಬಾಯಿಯೂ ಇರುವುದಿಲ್ಲ.

ಈಗ ಕಾನೂನು. ಬೇಜಾರು ಮಾಡಿಕೊಳ್ಳಬೇಡಿ, ಬೇಗ ಮುಗಿಸುತ್ತೇನೆ. ಕರ್ನಾಟಕದಲ್ಲಿ ಬಾಡಿಗೆಗೆ ಅಂತಲೇ 1999ರ ಬಾಡಿಗೆ ಕಾಯ್ದೆ ಇದೆ, ಜಾರಿಗೆ ಬಂದಿದ್ದು 2001ರ ಕೊನೆಯಲ್ಲಿ. ಅದು ಇದೆಯಲ್ಲ ಅಂತ ಸಮಾಧಾನ ಪಟ್ಟುಕೊಂಡು ತುಂಬ ಜನ ಬರುತ್ತಾರೆ. ಆದರೆ ಬೆಂಗಳೂರಿನಂಥ ಊರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಇವತ್ತು 3,500ಕ್ಕೆ ಒಂದು ಕಾರ್ ಪಾರ್ಕಿಂಗ್ ಸಿಕ್ಕರೆ ಪುಣ್ಯ. ಅಂದರೆ ಇಲ್ಲಿ ಕೂತಿರುವ ಯಾರಿಗೂ ಅದು ಲೆಕ್ಕಕ್ಕಿಲ್ಲ. ನಮ್ಮೆಲ್ಲರಿಗೂ ಅನ್ವಯಿಸುವುದು ಬ್ರಿಟಿಷರ ಕಾಲದ, 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಮತ್ತು ಅದರ 108ನೇ ಸೆಕ್ಷನ್. ನಿಮ್ಮ ಬಾತ್‌ರೂಮ್ ಸೋರಿಕೆಗೆ ಉತ್ತರ ಹುಡುಕಬೇಕಾದ್ದು ಸುಮಾರು 140 ವರ್ಷ ಹಿಂದೆ ಬರೆದ ಒಂದು ಪುಟದಲ್ಲಿ.

ಆ ಸೆಕ್ಷನ್ ಶುರುವಾಗುವುದೇ ಒಂದು ಷರತ್ತಿನಿಂದ. ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಆ ಊರಿನ ರೂಢಿ ಬೇರೆ ಇಲ್ಲದಿದ್ದರೆ ಮಾತ್ರ ಇಲ್ಲಿ ಹೇಳಿದ್ದು ಅನ್ವಯ ಅಂತ. ಇದನ್ನು ಅಂಡರ್‌ಲೈನ್ ಮಾಡಿಕೊಳ್ಳಿ. ಕರಾರು ಪತ್ರ ಮೊದಲು, ಕಾಯ್ದೆ ಆಮೇಲೆ. ನಾವು ಏನು ಮಾಡುತ್ತೇವೆ? ಬ್ರೋಕರ್ ಕಂಪ್ಯೂಟರ್‌ನಲ್ಲಿ ಇರುವ ಹಳೇ ಕರಾರಿನಲ್ಲಿ ಹೆಸರು ಬದಲಿಸಿ, ಇ-ಸ್ಟಾಂಪ್ ಪೇಪರ್ ಮೇಲೆ ಪ್ರಿಂಟ್ ತೆಗೆದು, ಓದದೇ ಸೈನ್ ಹಾಕುತ್ತೇವೆ. 11 ತಿಂಗಳಿಗೆ ಮಾಡುವುದು ಯಾಕೆ ಗೊತ್ತಲ್ಲ? ಒಂದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕು, ಆ ಖರ್ಚು ತಪ್ಪಿಸಲಿಕ್ಕೆ. ನಾನು ನೋಡಿದ ಒಂದು ಕರಾರಿನಲ್ಲಿ ಕೊನೆ ಪುಟದಲ್ಲಿ "ಸದರಿ ಅಂಗಡಿಯ ಶಟರ್‌ಗಳನ್ನು ಬಾಡಿಗೆದಾರರೇ ನೋಡಿಕೊಳ್ಳತಕ್ಕದ್ದು" ಅಂತ ಇತ್ತು. ಅದು ಎರಡನೇ ಮಹಡಿಯ ಮನೆ! ಇಬ್ಬರೂ ಸೈನ್ ಹಾಕಿದ್ದರು.

ಸರಿ, 108ರಲ್ಲಿ ಏನಿದೆ? ನಮಗೆ ಬೇಕಾದ್ದು ಮುಖ್ಯವಾಗಿ ಎರಡು ಮಾತು. ಒಂದು, ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ನೋಟೀಸ್ ಕೊಟ್ಟ ಮೇಲೂ ತಕ್ಕಷ್ಟು ಸಮಯದಲ್ಲಿ ಮಾಡಿಸದೇ ಹೋದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಕೇಳಲಿಕ್ಕೆ ಚೆನ್ನಾಗಿದೆ ಅಲ್ವಾ? ಆದರೆ "ಮಾಡಿಸಲೇಬೇಕಾದ" ಅನ್ನುವ ಮಾತು ನೋಡಿ. ಯಾವುದು ಮಾಡಿಸಲೇಬೇಕಾದ್ದು ಅಂತ ಆ ಕಾಯ್ದೆ ಪಟ್ಟಿ ಕೊಡುವುದಿಲ್ಲ. ಓನರ್ ಎಲ್ಲ ರಿಪೇರಿ ಮಾಡಿಸಬೇಕು ಅಂತಲೂ ಹೇಳುವುದಿಲ್ಲ. ಕರಾರಿನಲ್ಲಿ ಬರೆದಿದ್ದರೆ ನಿಮ್ಮ ಕೈ ಗಟ್ಟಿ. ಬರೆಯದಿದ್ದರೆ ವಾದ ಮಾಡಬೇಕು. ವಾದ ಮಾಡಲಿಕ್ಕೆ ನಮ್ಮಂಥವರಿಗೆ ಫೀಸು ಕೊಡಬೇಕು. ಆ ಫೀಸಿಗೆ ನಾಲ್ಕು ಬಾತ್‌ರೂಮ್ ರಿಪೇರಿ ಆಗುತ್ತದೆ.

ಇನ್ನೊಂದು ವಿಷಯವನ್ನೂ ಗಮನಿಸಿ. ಇಲ್ಲಿ ಹೇಳಿದ್ದು ರಿಪೇರಿ ಖರ್ಚನ್ನು ಹಿಡಿದುಕೊಳ್ಳುವುದು. ತೊಂದರೆ ಆಯಿತು ಅಂತ ಬಾಡಿಗೆ ಇಳಿಸುವುದು ಬೇರೆ ಮಾತು. ನಮ್ಮ ಕಥೆಯ ಗಂಡ ರಿಪೇರಿ ಮಾಡಿಸಿ ಬಿಲ್ ಹಿಡಿದಿದ್ದರೆ ಅವರ ಹಿಂದೆ ಕಾಯ್ದೆ ನಿಲ್ಲುವ ಸಾಧ್ಯತೆ ಇತ್ತು. ಅವರು ಮಾಡಿಸಲಿಲ್ಲ. ಸುಮ್ನೆ 8,000 ಕಡಿಮೆ ಹಾಕಿದರು. ಯಾಕೆ 8,000, ಯಾಕೆ 6,000 ಅಲ್ಲ ಅಂತ ಕೇಳಿದಾಗ, "ಹೆಂಗೋ ಒಂದು ಅಂದಾಜು ಸರ್" ಅಂದರು.

ಎರಡನೇ ಮಾತು ಬಾಗಿಲಿನದ್ದು. ಓನರ್ ಅಥವಾ ಅವರ ಕಡೆಯವರು ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲ, ಸರಿಯಾದ ಸಮಯದಲ್ಲಿ ಒಳಗೆ ಬಂದು ಮನೆಯ ಸ್ಥಿತಿ ನೋಡಲಿಕ್ಕೆ ಬಾಡಿಗೆದಾರ ಬಿಡಬೇಕು. ಏನಾದರೂ ದೋಷ ಕಂಡರೆ ಓನರ್ ಅದರ ಬಗ್ಗೆ ನೋಟೀಸ್ ಕೊಡಬಹುದು. ದೋಷ ಬಾಡಿಗೆದಾರನಿಂದಲೇ ಆಗಿದ್ದರೆ 3 ತಿಂಗಳ ಒಳಗೆ ಅವನು ಸರಿ ಮಾಡಿಸಿಕೊಡಬೇಕು. ಇಷ್ಟೇ ಇರುವುದು. ನೋಡಲಿಕ್ಕೆ ಬರಬಹುದು ಅಂತ ಇದೆ. ಎಷ್ಟು ದಿನ ಮೊದಲು ಹೇಳಬೇಕು, ಮೇಸ್ತ್ರಿ ಕರೆದುಕೊಂಡು ಬಂದು ಮೂರು ದಿನ ಟೈಲ್ಸ್ ಒಡೆಯಬಹುದಾ, ಆ ಮೂರು ದಿನ ನೀವು ಎಲ್ಲಿ ಸ್ನಾನ ಮಾಡಬೇಕು, ಯಾವುದೂ ಇಲ್ಲ. 1882ರಲ್ಲಿ ಅಟ್ಯಾಚ್ಡ್ ಬಾತ್‌ರೂಮ್ ಯಾರ ಮನೆಯಲ್ಲಿತ್ತು ಹೇಳಿ.

ಹಾಗಂತ ಓನರ್‌ಗೆ ತನ್ನ ಹತ್ತಿರ ಕೀಲಿ ಇದೆ ಅಂತ ಯಾವಾಗ ಬೇಕಾದರೂ ಬರುವ ಹಕ್ಕು ಇಲ್ಲ. ಅದೇ 108 ಹೇಳುತ್ತದೆ, ಬಾಡಿಗೆ ಕೊಟ್ಟುಕೊಂಡು ಕರಾರಿನ ಪ್ರಕಾರ ನಡೆದುಕೊಳ್ಳುವವರೆಗೆ ಬಾಡಿಗೆದಾರ ಯಾರ ಅಡ್ಡಿಯೂ ಇಲ್ಲದೆ ಮನೆಯಲ್ಲಿ ಇರಬಹುದು ಅಂತ. ಮನೆ ಓನರದ್ದೇ. ಆದರೆ ಸ್ವಾಧೀನ ನಿಮ್ಮದು. ಬೀಗ ಬದಲಿಸಿ ನಿಮ್ಮನ್ನು ಹೊರಗೆ ಹಾಕಿದರೆ 6 ತಿಂಗಳ ಒಳಗೆ ಕೋರ್ಟಿಗೆ ಹೋಗಿ ಸ್ವಾಧೀನ ವಾಪಸ್ ಕೇಳಬಹುದು, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇರುವುದೇ ಅದಕ್ಕೆ. ಟೀಚರ ಮಗನ ವಿಷಯದಲ್ಲಿ ಅಷ್ಟು ದೂರ ಹೋಗಲಿಲ್ಲ. ಆದರೆ ಅವನು ಮೊಬೈಲಿನಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು, ಆ ಹಬ್ಬ ಎರಡು ಮನೆಗೂ ಹಬ್ಬವಾಗಿಯೇ ಇರುತ್ತಿತ್ತು.

ಇಲ್ಲೊಂದು ಅಡ್ಡ ಕಥೆ ನೆನಪಾಯಿತು. ನಿಮ್ಮಲ್ಲಿ ಕೆಲವರ ಮಕ್ಕಳು ಜರ್ಮನಿಯಲ್ಲಿದ್ದಾರೆ ಅಂತ ಕೇಳಿದೆ. ಅಲ್ಲಿ ಒಬ್ಬ ಓನರಮ್ಮ ಹೊಸದಾಗಿ ಹಾಕಿಸಿದ ಹೊಗೆ ಅಲಾರಂ ನೋಡಲಿಕ್ಕೆ ಅಂತ ಬಾಡಿಗೆದಾರನ ಮನೆಗೆ ಹೋದರು. ಅದಕ್ಕೆ ಮೊದಲೇ ಒಪ್ಪಿಗೆ ಆಗಿತ್ತು. ಒಳಗೆ ಹೋದ ಮೇಲೆ ಬೇರೆ ರೂಮುಗಳನ್ನೂ ನೋಡಲು ಶುರು ಮಾಡಿದರು. ಬೇಡ, ಹೊರಡಿ ಅಂದರೂ ಹೊರಡಲಿಲ್ಲ. ಬಾಡಿಗೆದಾರ ಅವರನ್ನು ಎತ್ತಿಕೊಂಡು ಹೋಗಿ ಬಾಗಿಲಾಚೆ ಬಿಟ್ಟ! ನಿಜವಾಗಿಯೂ ಎತ್ತಿಕೊಂಡು. ಅವರು ಮನೆ ಖಾಲಿ ಮಾಡು ಅಂತ ಕೇಸ್ ಹಾಕಿದರು. 2014ರಲ್ಲಿ ಅಲ್ಲಿನ ಅತಿ ದೊಡ್ಡ ಕೋರ್ಟು, ಇಷ್ಟಕ್ಕೆ ಅವನನ್ನು ಖಾಲಿ ಮಾಡಿಸಲಿಕ್ಕೆ ಆಗುವುದಿಲ್ಲ, ಮೊದಲು ಮಿತಿ ಮೀರಿದ್ದು ಓನರಮ್ಮನೇ ಅಂದಿತು. ದಯವಿಟ್ಟು ಇದನ್ನು ಇಲ್ಲಿ ಪ್ರಯೋಗ ಮಾಡಬೇಡಿ.

ಆದರೆ ಅದೇ ದೇಶದ ಇನ್ನೊಂದು ತೀರ್ಪು ನಮಗೆ ಜಾಸ್ತಿ ಉಪಯೋಗ. ಅಲ್ಲಿ ಮನೆಯಲ್ಲಿ ದೊಡ್ಡ ದೋಷ ಇದ್ದರೆ ಬಾಡಿಗೆ ತಾನಾಗಿಯೇ ಕಡಿಮೆ ಆಗುತ್ತದೆ, ಕಾಯ್ದೆಯಲ್ಲೇ ಹಾಗಿದೆ. ನಾವು ಹೊಟ್ಟೆಕಿಚ್ಚು ಪಡುವಂಥದ್ದು. ಓನರ್‌ಗೆ ಕೂಡಲೇ ತಿಳಿಸಬೇಕು, ಅದೊಂದು ಷರತ್ತು. ಒಬ್ಬ ಬಾಡಿಗೆದಾರನ ಮನೆಯಲ್ಲಿ ಬೂಷ್ಟು. ಓನರ್ ಕೆಲಸದವರನ್ನು ಕಳಿಸಿದರೆ ಅವನು, ಕೇಸ್ ನಡೀತಿದೆ ಅಂತ ಹೇಳಿ ಒಳಗೆ ಬಿಡಲಿಲ್ಲ. ಬಾಡಿಗೆ ಮಾತ್ರ ಹಿಡಿದುಕೊಂಡೇ ಬಂದ. 2019ರಲ್ಲಿ ಅದೇ ಕೋರ್ಟು, ರಿಪೇರಿಗೆ ಬಿಡದ ಮೇಲೆ ಬಾಡಿಗೆ ಹಿಡಿದುಕೊಳ್ಳುವ ಹಕ್ಕೂ ಇಲ್ಲ ಅಂದಿತು. ಬಾಡಿಗೆದಾರನಿಗೆ ಇಷ್ಟೊಂದು ಬಲ ಕೊಟ್ಟ ದೇಶದಲ್ಲೇ ಹೀಗೆ. ಇಲ್ಲಿ ನಮ್ಮ ಬಲ ಇನ್ನೂ ಕಡಿಮೆ, ಹಾಗಾಗಿ ಎಚ್ಚರ ಇನ್ನೂ ಜಾಸ್ತಿ ಬೇಕು.

ನಮ್ಮ ದೇಶದಲ್ಲಿ ಬಾಡಿಗೆ ಇಳಿಸುವ ಬಗ್ಗೆ ಕೋರ್ಟುಗಳು ಏನು ಹೇಳಿವೆ? 1966ರಲ್ಲಿ ಸುಪ್ರೀಂ ಕೋರ್ಟಿಗೆ ಕಲ್ಕತ್ತಾದ ಒಂದು ಫ್ಲ್ಯಾಟಿನ ಕೇಸ್ ಬಂತು, ಸ್ಟೀಫನ್ ಕೋರ್ಟ್ ಅನ್ನುವ ಕಂಪನಿಯದ್ದು. ಬಾಡಿಗೆಗೆ ಕೊಟ್ಟ ಮನೆಯಲ್ಲಿ ಮೂರು ಬೆಡ್‌ರೂಮ್, ಅದರಲ್ಲಿ ಒಂದು ಬಾಡಿಗೆದಾರನ ಕೈಗೆ ಸಿಗಲೇ ಇಲ್ಲ. ಅವನು ಬಾಡಿಗೆಯನ್ನೇ ಕೊಡುವುದಿಲ್ಲ ಅಂದ. ಕೋರ್ಟು, ಇಂಥದ್ದಕ್ಕೆ ಒಂದೇ ನಿಯಮ ಇಲ್ಲ, ಆಯಾ ಸಂದರ್ಭ ನೋಡಬೇಕು, ಉಳಿದ ಮನೆಯನ್ನು ಬಳಸುತ್ತಿದ್ದೀಯಲ್ಲ, ಅದಕ್ಕೆ ತಕ್ಕಷ್ಟು ಬಾಡಿಗೆ ಕೊಡು ಅಂದಿತು. ಪೂರ್ತಿಯೂ ಅಲ್ಲ, ಸೊನ್ನೆಯೂ ಅಲ್ಲ. ಅದು ರಿಪೇರಿಯ ಕೇಸ್ ಅಲ್ಲ, ಮೊದಲಿನಿಂದಲೇ ಒಂದು ರೂಮು ಕೊಡದೇ ಇದ್ದದ್ದು. ಆದರೆ ಮಾತುಕತೆಗೆ ಕೂತಾಗ ನಾನು ಆ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ಅದು ಇಬ್ಬರಿಗೂ ಅರ್ಥ ಆಗುತ್ತದೆ.

ಕೋವಿಡ್ ಲಾಕ್‌ಡೌನ್‌ನಲ್ಲಿ ಎಷ್ಟು ಜನ ಬಾಡಿಗೆ ಮನ್ನಾ ಆಗುತ್ತದೆ ಅಂದುಕೊಂಡಿದ್ದಿರಿ? ದೆಹಲಿ ಖಾನ್ ಮಾರ್ಕೆಟ್‌ನ ಒಂದು ಅಂಗಡಿಯವರು ಹಾಗೆ ಕೇಳಿದ್ದರು. 2020ರ ಮೇನಲ್ಲಿ ದೆಹಲಿ ಹೈಕೋರ್ಟು ಒಪ್ಪಲಿಲ್ಲ. ಕಟ್ಟಲು ಸ್ವಲ್ಪ ಸಮಯ ಕೊಟ್ಟಿತು, ಅಷ್ಟೇ. ಬೆಂಕಿ, ಬಿರುಗಾಳಿ, ಪ್ರವಾಹ ಇಂಥದ್ದರಿಂದ ಮನೆಯ ಮುಖ್ಯ ಭಾಗ ಪೂರ್ತಿ ನಾಶವಾಗಿ ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದೇ ಹೋದರೆ ಬಾಡಿಗೆದಾರ ಕರಾರನ್ನೇ ಬಿಡಬಹುದು ಅಂತ 108ರಲ್ಲಿ ಇದೆ. ಆದರೆ "ಶಾಶ್ವತವಾಗಿ" ಅನ್ನುವ ಪದ ಇದೆಯಲ್ಲ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಲ್ಲಿ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಹೊರಗೆ ತಂದರು, ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಆ ಥರ ನಾಲ್ಕೈದು ದಿನ ಮನೆ ಬಿಟ್ಟು ಇರಬೇಕಾಗಿ ಬಂದರೂ, ನೀರು ಇಳಿದ ಮೇಲೆ ಮನೆ ಮನೆಯೇ. ಶಾಶ್ವತ ಅನ್ನುವುದಕ್ಕೆ ಅದು ಸಾಲದು. ಅಂಥ ದಿನಗಳ ಬಾಡಿಗೆ ಬಿಡುವುದು ಓನರ್ ಮನಸ್ಸಿಗೆ ಬಿಟ್ಟಿದ್ದು, ಕರಾರಿನಲ್ಲಿ ಒಂದು ಸಾಲು ಇಲ್ಲದಿದ್ದರೆ.

ಯಾರೋ ಮಾಡೆಲ್ ಕಾಯ್ದೆ ಅಂತ ಕೂಗಿದಿರಿ, ಬಂದೆ ಅಲ್ಲಿಗೇ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯಗಳು ತಮ್ಮ ಕಾಯ್ದೆ ಮಾಡಿಕೊಂಡರೆ ಮಾತ್ರ ಜೀವ ಬರುತ್ತದೆ. ಇಲ್ಲಿ ಕೋರ್ಟಿಗೆ ಹೋಗಿ ಅದನ್ನು ತೋರಿಸಿದರೆ ಪ್ರಯೋಜನ ಇಲ್ಲ. ಆದರೂ ನಾನು ಎಲ್ಲರಿಗೂ ಅದನ್ನು ಓದಿ ಅಂತ ಹೇಳುತ್ತೇನೆ. ಯಾಕೆ? ಅದರಲ್ಲಿ ಇರುವುದನ್ನು ನಮ್ಮ ಕರಾರಿಗೆ ಎತ್ತಿಕೊಳ್ಳಬಹುದು. ಕರಾರು ಮೊದಲು ಅಂದೆನಲ್ಲ, ಹಾಗಾಗಿ ಎತ್ತಿಕೊಂಡ ಮೇಲೆ ಅದು ನಿಮ್ಮಿಬ್ಬರ ಮಟ್ಟಿಗೆ ಕಾನೂನು.

ಬಾಗಿಲಿನ ಬಗ್ಗೆ ಅದು ತುಂಬ ಚೊಕ್ಕವಾಗಿದೆ. ಓನರ್ ಒಳಗೆ ಬರಬೇಕಾದರೆ ಕನಿಷ್ಠ 24 ಗಂಟೆ ಮೊದಲು ಹೇಳಬೇಕು, ಕಾಗದದಲ್ಲೋ ಮೊಬೈಲಿನಲ್ಲೋ. ಯಾವ ದಿನ, ಎಷ್ಟು ಹೊತ್ತಿಗೆ, ಯಾಕೆ ಅಂತ ಬರೆದಿರಬೇಕು. ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ ಬರುವ ಹಾಗಿಲ್ಲ. ಬೆಂಕಿ, ಪ್ರವಾಹದಂಥ ತುರ್ತಿಗೆ ಮಾತ್ರ ವಿನಾಯಿತಿ. ರಿಪೇರಿಗೆ ಒಂದು ಪಟ್ಟಿಯೇ ಇದೆ. ಕಟ್ಟಡದ ದೊಡ್ಡ ರಿಪೇರಿ, ಗೋಡೆಗೆ ಸುಣ್ಣ ಬಣ್ಣ, ಪೈಪ್ ಬದಲಿಸುವುದು, ವೈರಿಂಗ್ ಓನರದ್ದು. ನಲ್ಲಿ ವಾಷರ್, ಗೀಸರ್, ಸ್ವಿಚ್ಚು, ಸಿಂಕು, ಕಟ್ಟಿಕೊಂಡ ಡ್ರೈನ್, ಸೊಳ್ಳೆ ಪರದೆ, ಕಿಟಕಿ ಗಾಜು ಬಾಡಿಗೆದಾರನದ್ದು. ಗೀಸರ್ ನನ್ನ ತಲೆಗೆ ಯಾಕೆ ಅಂತ ಇಲ್ಲಿ ಕೆಲವರು ಮುಖ ಸಿಂಡರಿಸಿದಿರಿ. ನನಗೂ ಅದು ಸರಿ ಕಾಣುವುದಿಲ್ಲ. ಓನರ್ ಹಾಕಿಸಿದ 12 ವರ್ಷ ಹಳೇ ಗೀಸರ್ ನಾನು ಬಂದ ಎರಡನೇ ತಿಂಗಳು ಸುಟ್ಟು ಹೋದರೆ ಅದು ನನ್ನ ತಪ್ಪಾ? ಅಂಥದ್ದನ್ನು ಕರಾರಿನಲ್ಲಿ ಬೇರೆ ಥರ ಬರೆದುಕೊಳ್ಳಿ, ಅಡ್ಡಿ ಇಲ್ಲ.

ದುಡ್ಡಿನ ಬಗ್ಗೆಯೂ ಮಿತಿ ಇದೆ. ಓನರ್ ತನ್ನ ಪಾಲಿನ ರಿಪೇರಿ ಮಾಡಿಸದಿದ್ದರೆ ಬಾಡಿಗೆದಾರ ಮಾಡಿಸಿ ಬಾಡಿಗೆಯಲ್ಲಿ ಹಿಡಿಯಬಹುದು, ಆದರೆ ಒಂದು ತಿಂಗಳಿಗೆ ಅರ್ಧ ಬಾಡಿಗೆಗಿಂತ ಜಾಸ್ತಿ ಹಿಡಿಯುವ ಹಾಗಿಲ್ಲ. ಮನೆ ವಾಸಕ್ಕೇ ಆಗದಂತಿದ್ದು, ಬರೆದು ಕೇಳಿದರೂ ಓನರ್ ಒಪ್ಪದಿದ್ದರೆ 15 ದಿನದ ನೋಟೀಸ್ ಕೊಟ್ಟು ಹೊರಡಬಹುದು. ಅಡ್ವಾನ್ಸ್ ವಾಸದ ಮನೆಗೆ 2 ತಿಂಗಳಿಗಿಂತ ಜಾಸ್ತಿ ಇಲ್ಲ. ಹೌದು ಓನರ್‌ಗಳೇ, ಎರಡು. ಉಸಿರಾಡಿ.

ಈ ಅಡ್ವಾನ್ಸ್ ಬಗ್ಗೆ ಎರಡು ಮಾತು ಜಾಸ್ತಿ ಆಡಲೇಬೇಕು. ಬೆಂಗಳೂರಿನ 10 ತಿಂಗಳ ಅಡ್ವಾನ್ಸ್ ಇದೆಯಲ್ಲ, ನಮ್ಮ ರಿಪೇರಿ ಜಗಳಗಳ ಅರ್ಧ ವಿಷ ಅಲ್ಲಿದೆ ಅಂತ ನನ್ನ ಅಭಿಪ್ರಾಯ. ಓನರ್ ಕೈಯಲ್ಲಿ ಎರಡು ಮೂರು ಲಕ್ಷ ಇದ್ದಾಗ ಅವರಿಗೆ ಅವಸರ ಇರುವುದಿಲ್ಲ, ನಲ್ಲಿ ಸೋರಿದರೆ ಸೋರಲಿ. ಬಾಡಿಗೆದಾರನಿಗೆ ಆ ದುಡ್ಡು ವಾಪಸ್ ಬರುತ್ತದೋ ಇಲ್ಲವೋ ಅನ್ನುವ ಭಯ. ಅದಕ್ಕೆ ಅವನು ಜೋರು ಮಾಡುವುದಿಲ್ಲ, ಸುಮ್ಮನೆ ಒಳಗೇ ಕುದಿಯುತ್ತಾನೆ, ಖಾಲಿ ಮಾಡುವ ಮೂರು ತಿಂಗಳು ಮೊದಲು ಬಾಡಿಗೆ ಹಾಕುವುದನ್ನೇ ನಿಲ್ಲಿಸಿ "ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ" ಅಂತಾನೆ. ಇದು ಬಾಕಿಯೇ. ಕರಾರಿನಲ್ಲಿ ಬರೆಯದಿದ್ದರೆ ಹಾಗೆ ಮಾಡಲಿಕ್ಕೆ ಬರುವುದಿಲ್ಲ. ತಿಂಗಳ ಲೆಕ್ಕದ ಬಾಡಿಗೆಯನ್ನು 15 ದಿನದ ನೋಟೀಸ್ ಕೊಟ್ಟು ಮುಗಿಸಬಹುದು, ಆಮೇಲೆ ಇಂಥ ಖಾಲಿ ಮಾಡಿಸುವ ಕೇಸು ನೋಡುವ ಸ್ಮಾಲ್ ಕಾಸಸ್ ಕೋರ್ಟಿನ ಮೆಟ್ಟಿಲು. ಬಾಡಿಗೆ ಹಿಡಿದವರಿಗೆ ಅಲ್ಲಿ ಮೊದಲ ದಿನವೇ ಕೇಳುವ ಪ್ರಶ್ನೆ, "ಬಾಕಿ ಕಟ್ಟಿದ್ದೀರಾ?"

ಈಗ ಮೂರನೇ ಮಹಡಿಗೆ ವಾಪಸ್ ಹೋಗೋಣ. ಅಕ್ಟೋಬರ್‌ನಲ್ಲಿ ಟೀಚರ್ ನನ್ನ ಹತ್ತಿರ ಬಂದರು, ನೋಟೀಸ್ ಕೊಡಿ ಅಂತ. ಆ ತಿಂಗಳೂ 20,000 ಮಾತ್ರ ಬಂದಿತ್ತು, ಒಟ್ಟು ಹಿಡಿದದ್ದು 24,000. ನಾನು ನೋಟೀಸ್ ಬರೆಯುವ ಮೊದಲು ವಾಟ್ಸಾಪ್ ಪೂರ್ತಿ ಓದಿದೆ. ಅದು ಅಳಿಸದೇ ಇಟ್ಟುಕೊಳ್ಳುವ ವಸ್ತು, ಸರಿಯಾದ ಸರ್ಟಿಫಿಕೇಟ್ ಜೊತೆ ಕೋರ್ಟಿನಲ್ಲಿ ಸಾಕ್ಷಿ ಆಗುತ್ತದೆ. ಓದಿದ ಮೇಲೆ "ಅಮ್ಮ, ನೋಟೀಸ್ ಬೇಡ, ಕಾಫಿಗೆ ಕರೆಯೋಣ" ಅಂದೆ. ಅವರಿಗೆ ನನ್ನ ಮೇಲೆ ಸ್ವಲ್ಪ ಅನುಮಾನ ಬಂತು ಅನಿಸುತ್ತದೆ.

ಕೂತಾಗ ಮೊದಲ ಅರ್ಧ ಗಂಟೆ ಸಿಮೆಂಟ್ ಹೆಜ್ಜೆ ಗುರುತಿನ ಬಗ್ಗೆಯೇ ಆಯಿತು. ಮಗ ತಪ್ಪಾಯಿತು ಅಂದ ಮೇಲೆ ಲೆಕ್ಕ ಶುರುವಾಯಿತು. ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ 4 ತಿಂಗಳು. ಪ್ಲಂಬರ್ ಎರಡನೇ ಸಲ ಬಂದಾಗ ವಾಪಸ್ ಕಳಿಸಿ ಆಮೇಲೆ ಬೇರೆ ಸಮಯ ಕೊಡದೇ ಸುಮ್ಮನಿದ್ದದ್ದು ಬಾಡಿಗೆದಾರರ ಪಾಲಿನ ತಪ್ಪು, ಅದಕ್ಕೆ ಒಂದು ತಿಂಗಳು ಕಳೆಯಿರಿ. ಉಳಿದಿದ್ದು 3. ಹೋದದ್ದು ಒಂದು ಬಾತ್‌ರೂಮ್ ಪೂರ್ತಿ, ಒಂದು ಬೆಡ್‌ರೂಮ್ ಅರ್ಧಂಬರ್ಧ. ತಿಂಗಳಿಗೆ 4,000 ಅಂತ ಒಪ್ಪಿದರು. 12,000 ಇಳಿಸಿ, ಉಳಿದ 12,000 ಅವತ್ತೇ ಫೋನಿನಲ್ಲಿ ಕಟ್ಟಿದರು. ಶನಿವಾರ 10ರಿಂದ 1ರವರೆಗೆ ಕೆಲಸದವರು ಬರಬಹುದು, ಹಿಂದಿನ ದಿನ ಮೆಸೇಜ್ ಬರಬೇಕು, ಇನ್ನೊಂದು ಕೀಲಿ ಸೀಲ್ ಮಾಡಿದ ಕವರಿನಲ್ಲಿ ಸಂಘದ ಆಫೀಸಿನಲ್ಲಿ ಇರಬೇಕು. ಒಂದು ಪುಟ, ಇಬ್ಬರ ಸೈನ್.

ಅಷ್ಟಾದ ಮೇಲೂ ಸೋರುವುದು ನಿಲ್ಲಲಿಲ್ಲ. ಯಾಕೆಂದರೆ ತೂತು ಇವರ ಮನೆಯಲ್ಲಿ ಇರಲೇ ಇಲ್ಲ! ಮೇಲಿನ ನಾಲ್ಕನೇ ಮಹಡಿಯ ಬಾತ್‌ರೂಮಿನ ನಾನಿ ಟ್ರ್ಯಾಪ್, ಅಂದರೆ ನೆಲದ ನೀರು ಹೋಗುವ ತೂತು, ಅದರ ಸುತ್ತ ಟೈಲ್ಸ್ ಸಂದಿ ಬಿಟ್ಟಿತ್ತು. ಅಲ್ಲಿನ ಬಾಡಿಗೆದಾರರು "ನಮಗೇನೂ ಸೋರ್ತಿಲ್ಲವಲ್ಲ" ಅಂತ ಬಾಗಿಲು ತೆಗೆಯಲಿಲ್ಲ, ಆ ಫ್ಲ್ಯಾಟಿನ ಓನರ್ ವಿದೇಶದಲ್ಲಿ. ಇಲ್ಲಿ ಸಂಘದವರು ಕೇಳಿಸಿಕೊಳ್ಳಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಡಿಕ್ಲರೇಷನ್ ಆಗಿರುವ, ಅಂದರೆ ಈ ಕಾಯ್ದೆಗೆ ಒಳಪಡುತ್ತೇವೆ ಅಂತ ಬರೆದುಕೊಟ್ಟಿರುವ ಕಟ್ಟಡದಲ್ಲಿ, ಬೇರೆ ಫ್ಲ್ಯಾಟಿಗೆ ಹಾನಿ ಆಗದಂತೆ ತುರ್ತು ರಿಪೇರಿ ಮಾಡಿಸಲು ಯಾವ ಫ್ಲ್ಯಾಟಿಗಾದರೂ ಸರಿಯಾದ ಹೊತ್ತಿನಲ್ಲಿ ಹೋಗುವ ಹಕ್ಕು ಸಂಘಕ್ಕೆ ಇದೆ. ಓನರ್‌ಗೆ ಇಲ್ಲದ ಹಕ್ಕು ಇದು. ಅಲ್ಲಿನ ಸೆಕ್ರೆಟರಿ ಆ ಕಾಯ್ದೆಯ ಒಂದು ಪ್ರತಿ ಹಿಡಿದುಕೊಂಡು, ಜೊತೆಗೆ ವಯಸ್ಸಾದ ಇಬ್ಬರು ಹೆಂಗಸರನ್ನು ಕರೆದುಕೊಂಡು ಹೋಗಿ ಬೆಲ್ ಮಾಡಿದರು. ಕಾಯ್ದೆಗೆ ತೆಗೆದರೋ ಹೆಂಗಸರಿಗೆ ತೆಗೆದರೋ, ಬಾಗಿಲು ತೆಗೆದರು. ಎರಡು ದಿನದ ಕೆಲಸ. ಖರ್ಚು ಮೇಲಿನ ಓನರ್ ಕೊಟ್ಟರು, ಡಿಸೆಂಬರ್‌ನಲ್ಲಿ.

ಪೇಂಟಿಂಗ್ ಬಗ್ಗೆ ಹೇಳಿ ಅಂತ ಹಿಂದಿನಿಂದ ಮೂರನೇ ಸಲ ಕೇಳುತ್ತಿದ್ದೀರಿ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ, ಸರಿಯಾ ಅಂತ. 108ರ ಪ್ರಕಾರ ಮನೆಯನ್ನು ಸಿಕ್ಕ ಸ್ಥಿತಿಯಲ್ಲಿ ವಾಪಸ್ ಕೊಡಬೇಕು, ಆದರೆ ಮಾಮೂಲಿ ಬಳಕೆಯಿಂದ ಸವೆದಿದ್ದು ಲೆಕ್ಕಕ್ಕಿಲ್ಲ. ಮೂರು ವರ್ಷದಲ್ಲಿ ಬಣ್ಣ ಮಾಸುವುದು ಮಾಮೂಲಿ ಸವೆತವೇ. ಹಾಗಿದ್ದರೂ ಕರಾರಿನಲ್ಲಿ ಒಂದು ತಿಂಗಳು ಅಂತ ಬರೆದು ಸೈನ್ ಹಾಕಿದ್ದರೆ ನಿಮ್ಮ ಕೈ ಕಟ್ಟಿದ ಹಾಗೆ. ಸೈನ್ ಹಾಕುವ ಮೊದಲು "ನಿಜವಾದ ಬಿಲ್ ಪ್ರಕಾರ" ಅಂತ ತಿದ್ದಿಸಿ. ಒಪ್ಪುವವರು ಇದ್ದಾರೆ, ನಾನು ಒಪ್ಪಿದ್ದೇನೆ. ಹೆಂಡತಿ ಇನ್ನೂ ಅದನ್ನು ಮರೆತಿಲ್ಲ.

ನಾನು ಹೊರಡಬೇಕು. ವಿಜಯನಗರದ ಮನೆಯಲ್ಲಿ ಅಡುಗೆಮನೆ ಪೈಪ್ ಸೋರುತ್ತಿದೆ ಅಂತ ನನ್ನ ಬಾಡಿಗೆದಾರರು ಬುಧವಾರ ಹೇಳಿದ್ದಾರೆ. ಇವತ್ತು ಮಧ್ಯಾಹ್ನ 3 ಗಂಟೆಗೆ ಪ್ಲಂಬರ್ ಕರೆದುಕೊಂಡು ಬರುತ್ತೇನೆ ಅಂತ ನಿನ್ನೆ ಮಧ್ಯಾಹ್ನವೇ ಮೆಸೇಜ್ ಹಾಕಿದ್ದೇನೆ, 24 ಗಂಟೆ ಲೆಕ್ಕ ಹಾಕಿ. ಇನ್ನೂ ನೀಲಿ ಟಿಕ್ ಬಂದಿಲ್ಲ.